ಕಾಲೇಜು ವಾರ್ಷಿಕೋತ್ಸವ ಮುಂದೂಡಿಕೆ: ರದ್ದಾಗದಂತೆ ಉಳಿಸಿಕೊಳ್ಳೋದು ಹೇಗೆ?

‘ಕಾರ್ಯಕ್ರಮ ಮುಂದೂಡಲಾಗಿದೆ. ಹೊಸ ದಿನಾಂಕ ನಂತರ ತಿಳಿಸಲಾಗುವುದು.’ ನೋಟಿಸ್ ಬೋರ್ಡಿನ ಈ ಎರಡು ಸಾಲುಗಳಲ್ಲಿ ಮೊದಲನೆಯದು ಅನಿವಾರ್ಯ ಇರಬಹುದು. ಸಮಸ್ಯೆ ಇರೋದು ಎರಡನೆಯದರಲ್ಲಿ.

ಶೋಕಾಚರಣೆ ಬಂದಾಗ

2024ರ ಡಿಸೆಂಬರ್ ನೆನಪಿಸಿಕೊಳ್ಳಿ. 10ರಂದು ಎಸ್.ಎಂ. ಕೃಷ್ಣ ನಿಧನರಾದರು: ಮೂರು ದಿನ ಶೋಕಾಚರಣೆ, 11ರಂದು ಶಾಲಾ-ಕಾಲೇಜುಗಳಿಗೆ ರಜೆ. 26ರಂದು ಮನಮೋಹನ್ ಸಿಂಗ್ ನಿಧನರಾದರು: ಏಳು ದಿನ ಶೋಕಾಚರಣೆ, 27ರಂದು ಮತ್ತೆ ರಜೆ. ಈ ಅವಧಿಯಲ್ಲಿ ಧ್ವಜ ಅರ್ಧಕ್ಕೆ ಇಳಿಯುತ್ತೆ, ಸರ್ಕಾರದ ಮನರಂಜನಾ ಕಾರ್ಯಕ್ರಮಗಳು ನಿಲ್ಲುತ್ತವೆ. ಡಿಸೆಂಬರ್ ಅಂದರೆ ವಾರ್ಷಿಕೋತ್ಸವಗಳ ಸೀಸನ್. ಒಂದೇ ತಿಂಗಳಲ್ಲಿ ಎರಡು ಸಲ ಹೀಗಾದರೆ ಹಾಲ್, ಶಾಮಿಯಾನ, ಅತಿಥಿ, ಪರೀಕ್ಷೆ ಎಲ್ಲದರ ಲೆಕ್ಕವೂ ತಪ್ಪುತ್ತೆ.

ಅದೇ 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಸಮಾವೇಶ ಇತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಅಧಿವೇಶನದ ಶತಮಾನೋತ್ಸವ ಅದು. ಸಮಾವೇಶ ನಿಂತಿತು, ಆದರೆ 2025ರ ಜನವರಿ 21ರಂದು ಅದೇ ಊರಲ್ಲಿ ನಡೆಯಿತು. ಅದು ನಿಜವಾದ ಮುಂದೂಡಿಕೆ.

ಸಾಂಕ್ರಾಮಿಕ ಬಂದಾಗ

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರ ಜುಲೈ 27ರಂದು. ಮೊದಲ ಘಟಿಕೋತ್ಸವ ನಡೆದದ್ದು 1918ರ ಅಕ್ಟೋಬರ್ 19ರಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಮಾತಾಡಿದ್ದರು. ಸಂಸ್ಥಾನದಲ್ಲಿ ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲ ಅದು. ಶತಮಾನೋತ್ಸವದ ಘಟಿಕೋತ್ಸವ 2020ರ ಅಕ್ಟೋಬರ್ 19ರಂದು, ಕೋವಿಡ್ ನಡುವೆ ಆಯಿತು. ಪ್ರಧಾನಿ ಆನ್‌ಲೈನ್‌ನಲ್ಲೇ ಭಾಷಣ ಮಾಡಿದರು. ಅಂದರೆ ದಿನ ಬಿಡದೆ ಸ್ವರೂಪ ಬದಲಿಸುವ ದಾರಿಯೂ ಇದೆ.

ಮುಂದೂಡಲಾಗದ್ದು

ನಮ್ಮ ಸಿದ್ದಾಪುರದ ಪಕ್ಕದ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಇದಕ್ಕೆ ಉದಾಹರಣೆ. ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ನಡೆದದ್ದು 2022ರ ಆಗಸ್ಟಿನಲ್ಲಿ. ಹೂವು ತಿಂಗಳುಗಟ್ಟಲೆ ಕಾಯಲ್ಲ. ಆ ಸಲದ ಗಿಡ ಆ ಸಲಕ್ಕೇ. ಕಾಲೇಜಿನಲ್ಲಿ ಕೊನೆಯ ವರ್ಷದವರ ಕಥೆಯೂ ಅಷ್ಟೇ. ಪ್ರಿನ್ಸಿಪಾಲರಿಗೆ, ಟ್ರಸ್ಟಿಗಳಿಗೆ ಮುಂದಿನ ವರ್ಷ ಇದ್ದೇ ಇರುತ್ತೆ. ತಿಂಗಳುಗಟ್ಟಲೆ ನಾಟಕ ಕಲಿತ ಹುಡುಗಿಗೆ ಇರಲ್ಲ. ಅವಳ ಪಾಲಿಗೆ ದಿನಾಂಕ ಇಲ್ಲದ ಮುಂದೂಡಿಕೆ ಅಂದರೆ ರದ್ದು.

ಹಾಗಾಗಿ ಮೂರು ಕೆಲಸ ಆಗಲೇಬೇಕು.

ಒಂದು, ಮುಂದೂಡುವ ನೋಟಿಸಿನಲ್ಲೇ ಹೊಸ ದಿನ, ಇಲ್ಲವೇ ಅದನ್ನು ತಿಳಿಸುವ ಗಡುವು ಇರಬೇಕು. ಅದು ಸೆಮಿಸ್ಟರ್ ಪರೀಕ್ಷೆಗೆ ಮುಂಚಿನ ದಿನವೇ ಆಗಿರಬೇಕು.

ಎರಡು, ಶಾಮಿಯಾನ, ಅಡುಗೆ, ಸೌಂಡ್‌ನವರಿಗೆ ಕೊಟ್ಟ ಅಡ್ವಾನ್ಸ್ ಹೊಸ ದಿನಕ್ಕೆ ಸಲ್ಲುತ್ತೆ ಅಂತ ಮೊದಲೇ ಬರೆಸಿಕೊಳ್ಳಬೇಕು. ಮಕ್ಕಳಿಂದ ಹಣ ಪಡೆದಿದ್ದರೆ ಲೆಕ್ಕ ತೋರಿಸಬೇಕು.

ಮೂರು, ಮುಖ್ಯ ಅತಿಥಿಯ ಡೇಟ್‌ಗಿಂತ ಕೊನೆಯ ವರ್ಷದವರ ವೇಳಾಪಟ್ಟಿ ಮೊದಲು ನೋಡಬೇಕು. ಅತಿಥಿ ಬರದಿದ್ದರೂ ವಾರ್ಷಿಕೋತ್ಸವ ನಡೆಯುತ್ತೆ. ಮಕ್ಕಳೇ ಕಾಲೇಜು ಬಿಟ್ಟು ಹೋದಮೇಲೆ ನಡೆಯೋದು ಬರೀ ಸಭೆ.