ಪಗಾರ ಚೀಟಿ ಹುಟ್ಟಿದ ಕಥೆ

ಇವತ್ತಿನ ಕಂತು ಪಗಾರ ಚೀಟಿಯ ಇತಿಹಾಸದ ಬಗ್ಗೆ. ಚೀಟಿಗೆ ಎಂಥಾ ಇತಿಹಾಸ ಅನ್ನಬೇಡಿ. ನಮ್ಮ ಅರಕೇರಿ, ತಿಕೋಟಾ, ಬಬಲೇಶ್ವರ ಕಡೆಯ ಎಷ್ಟೋ ಹುಡುಗ-ಹುಡುಗಿಯರು ಕೆಲಸ ಮಾಡೋದು ಒಂದು ಕಂಪನಿಯಲ್ಲಿ, ಪಗಾರ ತಗೊಳ್ಳೋದು ಇನ್ನೊಂದು ಏಜೆನ್ಸಿಯಿಂದ. ತಿಂಗಳಿಗೊಮ್ಮೆ ಮೊಬೈಲಿಗೆ ಪಿಡಿಎಫ್ ಬರುತ್ತದೆ. ಕೊನೆಯ ಸಾಲಿನ ಮೊತ್ತ ನೋಡಿ ಮುಚ್ಚಿಬಿಡ್ತೀವಿ. ನಾನು ಬಿಕಾಂ ಓದಿದವನು, ನನಗೆ ಆಸಕ್ತಿ ಮೇಲಿನ ಸಾಲುಗಳ ಮೇಲೆ. ಅಲ್ಲಿನ ಒಂದೊಂದು ಸಾಲಿನ ಹಿಂದೆಯೂ ಒಂದು ಜಗಳ ಇದೆ.

'ಪಗಾರ' ಅನ್ನೋ ಪದವೇ ಪೋರ್ಚುಗೀಸರಿಂದ ಬಂದದ್ದು. ಅವರ ಭಾಷೆಯಲ್ಲಿ ಅದರ ಅರ್ಥ 'ಕೊಡುವುದು'. ಆದರೆ ಕೊಡುವವನಿಗೂ ದುಡಿಯುವವನಿಗೂ ನಡುವೆ ಯಾವಾಗಲೂ ಒಬ್ಬ ಮೂರನೆಯವನು ಇದ್ದ. 1876-78ರ ಬರಗಾಲದ ಹೊತ್ತಿಗೆ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು, ಜನ ಅದನ್ನ ಜುನಿ ಮಿಲ್ ಅಂತ ಕರೆದರು. ಮುಂಬಯಿಯಲ್ಲಿ ಗಿರಣಿಗಳು ಅದಕ್ಕೂ ಮೊದಲೇ ಇದ್ದವು. ಅಲ್ಲಿ ಕೆಲಸ ಬೇಕಂದರೆ ಮಾಲೀಕನ ಹತ್ತಿರ ಹೋಗುವಂತಿರಲಿಲ್ಲ. ಜಾಬರ್ ಇಲ್ಲವೇ ಮುಕಾದಮನನ್ನ ಹಿಡಿಯಬೇಕು, ಅವನಿಗೆ ದಸ್ತೂರಿ ಕೊಡಬೇಕು. ದಂಡವೂ ಇತ್ತು. ಕೆಲವು ಗಿರಣಿಗಳಲ್ಲಿ ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಕಡಿತ, ಅದಕ್ಕೆ 'ಡಬಲ್ ಖಾಡಾ' ಅಂತ ಹೆಸರು. ಬಟ್ಟೆ ಕೆಟ್ಟರೆ ಅದನ್ನ ನೇಕಾರನ ತಲೆಗೇ ಕಟ್ಟಿ ಅದರ ಬೆಲೆಯನ್ನ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.

1929ರಲ್ಲಿ ನೇಮಕವಾದ ರಾಯಲ್ ಕಮಿಷನ್ 1931ರಲ್ಲಿ ವರದಿ ಕೊಟ್ಟಿತು. ಜಾಬರ್‌ಗಳ ಹಿಡಿತ ತಪ್ಪಿಸಿ, ದಂಡಕ್ಕೆ ಲಗಾಮು ಹಾಕಿ ಅಂದಿತು. ಅದರ ಹಿಂದೆ ಬಂದದ್ದು 1936ರ ವೇತನ ಪಾವತಿ ಕಾಯ್ದೆ. ಯಾವ ಯಾವ ಕಾರಣಕ್ಕೆ ಹಣ ಮುರಿಯಬಹುದು ಅಂತ ಅದರಲ್ಲಿ ಪಟ್ಟಿ ಇತ್ತು. ಪಟ್ಟಿಯಲ್ಲಿ ಇಲ್ಲದ ಕಡಿತ ಕಾನೂನುಬಾಹಿರ. ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು. ನಿಮ್ಮ ಪಿಡಿಎಫ್‌ನಲ್ಲಿ 'ಕಡಿತಗಳು' ಅಂತ ಬೇರೆ ಕಾಲಂ ಇದೆಯಲ್ಲ, ಅದರ ಬೇರು ಇದು.

ಆದರೆ ಮುಕಾದಮ ಹೋಗಲಿಲ್ಲ, ಗುತ್ತಿಗೆದಾರನಾದ. 1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು ಅಂತ ಅದು ಹೇಳಿತು. 1971ರ ಕೇಂದ್ರ ನಿಯಮದಲ್ಲಿ ನನಗೆ ತುಂಬ ಇಷ್ಟವಾದ ಮಾತೊಂದಿದೆ. ವಾರಕ್ಕೋ ತಿಂಗಳಿಗೋ ಪಗಾರ ಆಗುವ ಕಡೆ, ಹಣ ಕೊಡುವ ಒಂದು ದಿನ ಮೊದಲೇ ಚೀಟಿ ಕೊಡಬೇಕು. ಅಂದರೆ ಹಣ ಎಣಿಸೋ ಮೊದಲು ಲೆಕ್ಕ ನೋಡೋದಕ್ಕೆ ಒಂದು ರಾತ್ರಿ ಸಿಗಲಿ ಅಂತ.

ಲೆಕ್ಕ ತಪ್ಪಿದರೆ ಏನಾಗುತ್ತೆ? 2020ರ ಡಿಸೆಂಬರ್ 12, ಕೋಲಾರದ ನರಸಾಪುರ. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಗಾರದ ಸಿಟ್ಟು ಗಲಭೆಯಾಯಿತು. ಅಲ್ಲಿದ್ದವರಲ್ಲಿ ಬಹಳ ಜನ ಏಜೆನ್ಸಿಗಳ ಮೂಲಕ ಬಂದವರು. ಒಪ್ಪಿದ ಮೊತ್ತ ಒಂದು, ಕೈಗೆ ಬಂದದ್ದು ಇನ್ನೊಂದು ಅನ್ನೋದು ಅವರ ದೂರು. ಒಂದು ವಾರದಲ್ಲಿ ಆಪಲ್ ತನ್ನ ಪ್ರಾಥಮಿಕ ತನಿಖೆಯ ಮಾತು ಹೇಳಿತು: ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಪಗಾರ ತಡವಾಯಿತು. ವಿಸ್ಟ್ರಾನ್ ಕ್ಷಮೆ ಕೇಳಿತು. ಗಲಭೆಗೆ ನಾನು ಶಹಬ್ಬಾಸ್ ಅನ್ನೋದಿಲ್ಲ. ಆದರೆ ಅದರ ಮೂಲ ಹಳೆಯದೇ: ಹಜೇರಿ ಪುಸ್ತಕ ಒಬ್ಬರ ಕೈಯಲ್ಲಿ, ದುಡಿಮೆ ಇನ್ನೊಬ್ಬರದು.

ಹಾಗಾದರೆ ನಿಮ್ಮ ಚೀಟಿಯಲ್ಲಿ ಏನು ನೋಡಬೇಕು?

ಮೊದಲು ಹಜೇರಿ. ಎಷ್ಟು ದಿನ, ಎಷ್ಟು ಗಂಟೆ ಓಟಿ ಅಂತ ನಿಮ್ಮ ಮೊಬೈಲಿನಲ್ಲೇ ಬರೆದಿಟ್ಟುಕೊಳ್ಳಿ. ಚೀಟಿಯ ದಿನಗಳ ಜೊತೆ ಹೊಂದಿಸಿ ನೋಡಿ.

ಎರಡನೆಯದು ಕಡಿತ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ, ಬೇರೆ ಭತ್ಯೆ ಇಲ್ಲ ಅಂತಿಟ್ಟುಕೊಳ್ಳಿ. ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ ಶೇ. 0.75, ಅಂದರೆ 113. ಕೈಗೆ 13,087 ಬರಬೇಕು. ಕಂಪನಿ ಕಡೆಯಿಂದಲೂ ಪಿಎಫ್‌ಗೆ ಇನ್ನೊಂದು 1,800 ಹೋಗುತ್ತದೆ, ಇಎಸ್‌ಐಗೆ ಶೇ. 3.25. ಆ ಪಾಲನ್ನ ನಿಮ್ಮ ಪಗಾರದಿಂದ ಮುರಿಯೋ ಹಾಗಿಲ್ಲ. ಚೀಟಿಯಲ್ಲಿ ಪಿಎಫ್ 3,600 ಅಂತ ಕಡಿತ ಕಂಡರೆ ಕೇಳಲೇಬೇಕು. ಬ್ರಿಟನ್ನಿನಲ್ಲಿ ಇಂಥ ಮಧ್ಯದ ಸಂಸ್ಥೆಗೆ 'ಅಂಬ್ರೆಲಾ ಕಂಪನಿ' ಅಂತಾರೆ. ಅಲ್ಲಿ ಮಾಲೀಕ ಕಟ್ಟಬೇಕಾದ ವಿಮೆಯ ಪಾಲೂ ಒಪ್ಪಂದದ ದರದೊಳಗೇ ಸೇರಿರುತ್ತದೆ. ಹೇಳಿದ ದರಕ್ಕೂ ಕೈಗೆ ಬಂದದ್ದಕ್ಕೂ ಅಲ್ಲೂ ತಾಳ ಕೂಡೋದಿಲ್ಲ.

ಮೂರನೆಯದು, ಮುರಿದ ಹಣ ಮುಟ್ಟಿತಾ? ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಉಮಂಗ್ ಆ್ಯಪ್‌ನಲ್ಲಿ ಯುಎಎನ್ ಹಾಕಿ ಪಾಸ್‌ಬುಕ್ ತೆಗೆಯಿರಿ. ಚೀಟಿಯಲ್ಲಿ 1,800 ಇದ್ದು ಪಾಸ್‌ಬುಕ್ಕಿನಲ್ಲಿ ಆ ತಿಂಗಳೇ ಇಲ್ಲ ಅಂದರೆ, ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೊದಲು ಏಜೆನ್ಸಿಗೆ, ಆಮೇಲೆ ಮೂಲ ಕಂಪನಿಯ ಎಚ್‌ಆರ್‌ಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಪಿಎಫ್ ಸಂಸ್ಥೆಗೆ ದೂರು ಕೊಡಿ. ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಚೀಟಿ ಕೊಡುವ ಕರ್ತವ್ಯ ಅದರಲ್ಲೂ ಇದೆ. ಒಟ್ಟು ಕಡಿತ ವೇತನದ ಅರ್ಧ ದಾಟಬಾರದು ಅಂತಲೂ ಇದೆ.

ಇಷ್ಟೆಲ್ಲ ಆದಮೇಲೂ ನಮ್ಮ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಗ್ಯಾಂಗುಗಳಿಗೆ ಇವತ್ತಿಗೂ ಮುಕಾದಮನೇ ಲೆಕ್ಕ, ಮುಂಗಡವೇ ಪಗಾರ. ಚೀಟಿ ಅಂತ ಒಂದು ಕೈಗೆ ಬರೋದೇ ಅಪರೂಪ. ಮುಂದಿನ ಕಂತು ಅವರ ಬಗ್ಗೆ. ಅಷ್ಟರೊಳಗೆ ನೀವು ಈ ತಿಂಗಳ ಪಿಡಿಎಫ್ ಪೂರ್ತಿ ಓದಿರಿ. ಬರ್ತೀನ್ರಿ.