ಅಂಗಳದ ತುಳಸಿ, ಶಿಲುಬೆಯಡಿಯ ಕಾಮಕಸ್ತೂರಿ

ಮಳೆಗಾಲ ಹಿಂದೆ ಸರಿಯುವ ಹೊತ್ತಿನಲ್ಲಿ ಖಾನಾಪುರ ತಾಲ್ಲೂಕಿನ ಯಾವುದಾದರೂ ಹಳ್ಳಿಯ ಓಣಿಯಲ್ಲಿ ಒಮ್ಮೆ ನಡೆದು ನೋಡಿ. ಒಂದು ಮನೆಯ ಮುಂದೆ ತುಳಸಿಕಟ್ಟೆ ಇರುತ್ತದೆ. ಸ್ವಲ್ಪ ದೂರದಲ್ಲಿ ಕ್ರೈಸ್ತ ಕುಟುಂಬವೊಂದಿದ್ದರೆ ಅಲ್ಲಿ ಸುಣ್ಣ ಬಳಿದ ಶಿಲುಬೆಯ ಕಟ್ಟೆ ಕಂಡೀತು. ಎರಡೂ ಮನೆಯವರು ಸಂಜೆ ದೀಪ ಹಚ್ಚುತ್ತಾರೆ. ಮಗುವಿಗೆ ಕೆಮ್ಮು ಬಂದಾಗ ಈ ಮನೆಯ ತಾಯಿ ಆ ಮನೆಯ ಅಂಗಳಕ್ಕೆ ಹೋಗಿ ನಾಲ್ಕು ತುಳಸಿ ಎಲೆ ಕೇಳಿ ತರುತ್ತಾಳೆ. ಹೀಗೆ ಕೇಳಿ ತರುವುದಕ್ಕೆ ಸಂಕೋಚವಿಲ್ಲ. ಆದರೆ ಅದೇ ಗಿಡವನ್ನು ತನ್ನ ಅಂಗಳದಲ್ಲಿ ನೆಡುವುದಕ್ಕೆ ಒಂದು ಅಳುಕು. 'ಕ್ರೈಸ್ತರ ಮನೆಯಲ್ಲಿ ತುಳಸಿ ಇರಬಹುದೇ?' ಎಂಬ ಪ್ರಶ್ನೆಯನ್ನು ನೀವೂ ಕೇಳಿರಬಹುದು. ಈ ಅಳುಕಿಗೂ ಒಂದು ಚರಿತ್ರೆಯಿದೆ.

ಬೆಳಗಾವಿ ಧರ್ಮಕ್ಷೇತ್ರವು 1953ರಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಈ ಸೀಮೆಯ ಬಹುಭಾಗ ಗೋವೆಯ ಮಹಾಧರ್ಮಕ್ಷೇತ್ರಕ್ಕೆ ಸೇರಿತ್ತು. ನಮ್ಮ ಹಲವು ಕುಟುಂಬಗಳ ಪೂರ್ವಿಕರು ಗೋವೆಯಿಂದ ಘಟ್ಟ ಹತ್ತಿ ಬಂದವರು. ಅವರು ಬಿಟ್ಟುಬಂದ ಆ ನೆಲದಲ್ಲಿ ಧರ್ಮವಿಚಾರಣಾ ನ್ಯಾಯಾಲಯವು 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ, ಅಧಿಕಾರ ನಡೆಸಿತು. ಆ ನ್ಯಾಯಾಲಯ 1736ರಲ್ಲಿ ಹೊರಡಿಸಿದ ಆಜ್ಞಾಪತ್ರವೊಂದರಲ್ಲಿ ಕ್ರೈಸ್ತರು ಬಿಡಬೇಕಾದ ಆಚಾರಗಳ ದೀರ್ಘ ಪಟ್ಟಿಯಿದೆ. ಮದುವೆಯಲ್ಲಿ ವೀಳ್ಯ, ಅಡಿಕೆ, ಹೂಗಳನ್ನು ಕಳುಹಿಸುವ ರೂಢಿ, ಉಪ್ಪಿಲ್ಲದೆ ಅನ್ನ ಮಾಡುವ ಪದ್ಧತಿ, ಊರಿನ ಉಡುಗೆತೊಡುಗೆ, ಇವುಗಳ ಸಾಲಿನಲ್ಲಿಯೇ ತುಳಸಿಯೂ ಸೇರಿತು. ಮನೆ, ಅಂಗಳ, ತೋಟಗಳಲ್ಲಿ ತುಳಸಿ ಇರಕೂಡದು. ಇದ್ದರೆ ಕೂಡಲೇ ಕಿತ್ತೊಗೆಯಬೇಕು ಎಂಬುದು ಅದರ ತಾತ್ಪರ್ಯ. ಈ ವಿವರಗಳನ್ನು ಇತಿಹಾಸಕಾರ ಅ. ಕಾ. ಪ್ರಿಯೋಳಕರ್ ಅವರು 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಇದನ್ನು ಓದುವಾಗ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಧರ್ಮಸಭೆಯ ಧ್ವನಿ ಇದೊಂದೇ ಆಗಿರಲಿಲ್ಲ ಎಂಬುದನ್ನೂ ನಾವು ಬಲ್ಲವರಾಗಬೇಕು. 1659ರಲ್ಲಿಯೇ ರೋಮಿನ ಧರ್ಮಪ್ರಚಾರ ಪರಿಷತ್ತು ಏಷ್ಯಾಕ್ಕೆ ಹೊರಟ ಧರ್ಮಪ್ರಚಾರಕರಿಗೆ ಒಂದು ಸೂಚನೆ ನೀಡಿತ್ತು. ವಿಶ್ವಾಸಕ್ಕೂ ಸನ್ನಡತೆಗೂ ವಿರುದ್ಧವಲ್ಲದ ಯಾವ ಆಚಾರವನ್ನೂ ಬದಲಿಸುವಂತೆ ಜನರನ್ನು ಒತ್ತಾಯಿಸಬಾರದು, ಯೂರೋಪಿನ ದೇಶಗಳನ್ನು ಅಲ್ಲಿಗೆ ಹೊತ್ತೊಯ್ಯುವುದು ಅಸಂಬದ್ಧ ಎಂಬುದೇ ಅದರ ಸಾರ. ಇದಾದ ಸುಮಾರು ಎಪ್ಪತ್ತೇಳು ವರ್ಷಗಳ ಬಳಿಕ ಗೋವೆಯಲ್ಲಿ ತುಳಸಿಯನ್ನು ಕೀಳಿಸಲಾಯಿತು. ವಿವೇಕದ ಮಾತು ಕಾಗದದಲ್ಲಿತ್ತು. ಆದರೆ ಭಯ ಬಲವಾಗಿದ್ದ ಕಡೆ ಅದು ನಡೆಯಲಿಲ್ಲ.

ಇನ್ನೊಂದು ಸಂಗತಿ ನಿಮ್ಮನ್ನು ಅಚ್ಚರಿಗೊಳಿಸಬಹುದು. ತುಳಸಿಯ ಕುಲದ ಗಿಡಗಳನ್ನು ಚಿತ್ರಸಹಿತ ಜಗತ್ತಿಗೆ ಪರಿಚಯಿಸಿದ ಮಹಾಗ್ರಂಥಗಳಲ್ಲಿ 'ಹೋರ್ಟಸ್ ಮಲಬಾರಿಕಸ್' ಪ್ರಮುಖವಾದುದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅವರು ಸಿದ್ಧಪಡಿಸಿದ ಈ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಹತ್ತನೆಯ ಸಂಪುಟದಲ್ಲಿ ತುಳಸಿಯ ಹಲವು ಬಗೆಗಳಿವೆ. ಈ ಕಾರ್ಯದ ಆರಂಭದಲ್ಲಿ ನೆರವಾದವರು ಸಂತ ಜೋಸೆಫರ ಮತ್ತೇಯು ಎಂಬ ಇಟಲಿಯ ಕಾರ್ಮೆಲ್ ಸಭೆಯ ಗುರುಗಳು. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಚುದನ್ ಎಂಬ ಈಳವ ವೈದ್ಯರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರು. ಗೋವೆಯಲ್ಲಿ ಗಿಡವನ್ನು ಶತ್ರುವೆಂದು ಕೀಳುವುದಕ್ಕಿಂತ ಅರ್ಧ ಶತಮಾನ ಮೊದಲೇ ಕೊಚ್ಚಿಯಲ್ಲಿ ಒಬ್ಬ ಕ್ರೈಸ್ತ ಗುರು ಹಿಂದೂ ವೈದ್ಯರೊಂದಿಗೆ ಅದೇ ಕಾರ್ಯದಲ್ಲಿ ಕೈಜೋಡಿಸಿದ್ದರು.

ಇನ್ನು ಪೂರ್ವದ ಧರ್ಮಸಭೆಗಳ ಕಡೆ ನೋಡಿದರೆ ತುಳಸಿಯ ಸೋದರಿಯಾದ ಕಾಮಕಸ್ತೂರಿಗೆ ಪೂಜಾಪೀಠದ ಬಳಿಯೇ ಸ್ಥಾನವಿದೆ. ಗ್ರೀಕ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ರಾಜಯೋಗ್ಯ' ಎಂದು. ನಾಲ್ಕನೆಯ ಶತಮಾನದಲ್ಲಿ ಸಂತ ಹೆಲೆನಾ ಜೆರುಸಲೇಮಿನಲ್ಲಿ ಪ್ರಭುವಿನ ಶಿಲುಬೆಯನ್ನು ಹುಡುಕುತ್ತಿದ್ದಾಗ, ಅದು ಹುದುಗಿದ್ದ ನೆಲದ ಮೇಲೆ ಈ ಗಿಡ ಬೆಳೆದು ಪರಿಮಳ ಬೀರುತ್ತಿತ್ತೆಂಬ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವೆಂದೇ ತಿಳಿಯೋಣ. ಆದರೆ ಗ್ರೀಕ್ ಸಂಪ್ರದಾಯದ ಆರ್ಥೊಡಾಕ್ಸ್ ದೇವಾಲಯಗಳಲ್ಲಿ ಸೆಪ್ಟೆಂಬರ್ 14ರ ಶಿಲುಬೆಯ ಮಹೋತ್ಸವದಂದು ಇಂದಿಗೂ ಶಿಲುಬೆಯನ್ನು ಕಾಮಕಸ್ತೂರಿಯಿಂದ ಅಲಂಕರಿಸುತ್ತಾರೆ. ಪ್ರಭುವಿನ ದೀಕ್ಷಾಸ್ನಾನದ ಹಬ್ಬದಲ್ಲಿ ಅದರ ಗೊಂಚಲಿನಿಂದಲೇ ಪವಿತ್ರ ಜಲ ಪ್ರೋಕ್ಷಿಸುತ್ತಾರೆ. ಐವತ್ತೊಂದನೆಯ ಕೀರ್ತನೆಯಲ್ಲಿ ಶುದ್ಧೀಕರಣಕ್ಕಾಗಿ ಬರುವ ಹಿಸ್ಸೋಪು ಕೂಡ, ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯದಂತೆ, ತುಳಸಿಯ ಸಸ್ಯಕುಟುಂಬಕ್ಕೇ ಸೇರಿದ ಗಿಡ. ಗೋವೆಯನ್ನು ಆಳಿದವರ ಸ್ವಂತ ರಾಜಧಾನಿ ಲಿಸ್ಬನ್ನಿನಲ್ಲಿಯೂ ಸಂತ ಅಂತೋನಿಯವರ ಹಬ್ಬಕ್ಕೆ ಕಾಮಕಸ್ತೂರಿಯ ಪುಟ್ಟ ಕುಂಡಗಳನ್ನು ಪ್ರೀತಿಯ ಕಾಣಿಕೆಯಾಗಿ ಕೊಡುವ ವಾಡಿಕೆಯಿದೆ. ಅಕ್ಕನನ್ನು ಅಂಗಳದಿಂದ ಹೊರಹಾಕಿ ತಂಗಿಯನ್ನು ಹಬ್ಬಕ್ಕೆ ಕರೆದಂತಾಯಿತಲ್ಲವೇ?

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಕೊರಿಂಥದ ಕ್ರೈಸ್ತರು ಸಂತ ಪೌಲರ ಮುಂದಿಟ್ಟಿದ್ದೂ ಇಂಥದೇ ಪ್ರಶ್ನೆ. ಭೂಮಿಯೂ ಅದರಲ್ಲಿರುವುದೆಲ್ಲವೂ ಪ್ರಭುವಿನದು. ಆದ್ದರಿಂದ ಪೇಟೆಯಲ್ಲಿ ಸಿಗುವುದನ್ನು ಅಳುಕದೆ ಸೇವಿಸಿರಿ, ಆದರೆ ಇನ್ನೊಬ್ಬರ ಮನಸ್ಸಾಕ್ಷಿಯನ್ನು ಗೌರವಿಸಿರಿ ಎಂದು ಅವರು ಬೋಧಿಸಿದರು. ಇದರಲ್ಲಿ ಎರಡು ಪಾಠಗಳಿವೆ. ತುಳಸಿ ದೇವರ ಸೃಷ್ಟಿ; ಅದನ್ನು ಬೆಳೆಸಿ ಬಳಸುವುದರಲ್ಲಿ ದೋಷವಿಲ್ಲ. ಹಾಗೆಯೇ ನೆರೆಮನೆಯವರಿಗೆ ಅದು ಪೂಜ್ಯ. ಆದ್ದರಿಂದ ಅದನ್ನು ಹಗುರವಾಗಿ ಕಾಣುವುದು ಸಲ್ಲದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಅನ್ಯಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿದ್ದನ್ನು ಇಲ್ಲಿ ಸ್ಮರಿಸುವುದು ಉಚಿತ.

ಈಗ ಗಿಡಗಳ ಪರಿಚಯ ಮಾಡಿಕೊಳ್ಳೋಣ. ಹಸಿರೆಲೆಯದು ಶ್ರೀತುಳಸಿ, ನೇರಳೆ ಛಾಯೆಯದು ಕೃಷ್ಣತುಳಸಿ. ಇವೆರಡೂ ಒಂದೇ ಜಾತಿಯ ಭೇದಗಳು. ಆಳೆತ್ತರಕ್ಕೆ ಪೊದೆಯಾಗಿ ಬೆಳೆದು, ಎಲೆ ಹೊಸಕಿದರೆ ಲವಂಗದ ವಾಸನೆ ಬರುವುದು ರಾಮತುಳಸಿ. ಕರ್ಪೂರ ತುಳಸಿ ಪೂರ್ವ ಆಫ್ರಿಕಾ ಮೂಲದ್ದು. ಅದರ ಶಾಸ್ತ್ರೀಯ ನಾಮದಲ್ಲಿ ಕಿಲಿಮಂಜಾರೋ ಪರ್ವತದ ಹೆಸರಿದೆ. ದಾರಿಬದಿಯಲ್ಲಿ ತಾನಾಗಿ ಹುಟ್ಟುವುದು ನಾಯಿತುಳಸಿ. ಕಾಮಕಸ್ತೂರಿಯ ಎಲೆ ನಯ, ಪರಿಮಳ ಮಧುರ. ಹೂಮಾಲೆಯ ನಡುವೆ ಅದನ್ನು ಕಟ್ಟುತ್ತಾರೆ. ಬೆಳಗಾವಿಯ ಪೇಟೆಯಲ್ಲಿ ಸಬ್ಜಾ ಎಂದು ಮಾರುವುದು ಇದರ ಬೀಜವನ್ನೇ. ನೀರಿನಲ್ಲಿ ನೆನೆದರೆ ಬೀಜದ ಸುತ್ತ ಲೋಳೆ ಕಟ್ಟಿ ಉಬ್ಬುತ್ತದೆ. ಬೇಸಿಗೆಯ ಪಾನಕಕ್ಕೂ ಫಾಲೂದಾಕ್ಕೂ ಅದೇ ಮೆರುಗು. ಒಣಬೀಜವನ್ನು ಮಾತ್ರ ಹಾಗೆಯೇ ನುಂಗಬಾರದು, ಗಂಟಲಲ್ಲಿ ಸಿಕ್ಕೀತು.

ಬೆಳೆಸುವುದು ಕಷ್ಟವೇನಲ್ಲ. ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಣ್ಣಿನ ಕುಂಡವೊಂದಿದ್ದರೆ ಸಾಕು, ತಳದಲ್ಲಿ ರಂಧ್ರವಿರಲಿ. ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿ, ಬೀಜವನ್ನು ಮೇಲೆ ಉದುರಿಸಿ ತೆಳುವಾಗಿ ಮಣ್ಣು ಮುಚ್ಚಿರಿ. ಒಂದು ವಾರ, ಹತ್ತು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಘಟ್ಟದಂಚಿನ ಮಳೆಗೆ ಬೇರು ಕೊಳೆಯುವುದರಿಂದ ಜುಲೈ ತಿಂಗಳಲ್ಲಿ ಕುಂಡವನ್ನು ಸೂರಿನ ಕೆಳಗೆ, ಬೆಳಕು ಬೀಳುವಲ್ಲಿ ಇಡಿರಿ. ಮಳೆ ಬಿಟ್ಟ ಮೇಲೆ ಬಿಸಿಲಿಗೆ ತನ್ನಿರಿ. ತೆನೆ ಮೂಡಿದಂತೆ ಚಿವುಟುತ್ತಿದ್ದರೆ ಎಲೆ ಹೆಚ್ಚುತ್ತದೆ. ಬೀಜಕ್ಕಾಗಿ ಒಂದೆರಡು ತೆನೆ ಉಳಿಸಿಕೊಳ್ಳಿ. ಶೀತ, ಕೆಮ್ಮುಗಳಿಗೆ ತುಳಸಿ, ಶುಂಠಿ, ಮೆಣಸಿನ ಕಷಾಯ ಹಿತಕರ. ಆದರೆ ಜ್ವರ ನಿಲ್ಲದಿದ್ದರೆ ಅಥವಾ ಗರ್ಭಿಣಿಯರಾಗಿದ್ದರೆ ವೈದ್ಯರನ್ನೇ ಕಾಣಬೇಕು. ಮನೆಮದ್ದಿನ ಈ ಅರಿವನ್ನು ಶಾಸ್ತ್ರದ ಒರೆಗೆ ಹಚ್ಚುವ ಕೆಲಸ ನಮ್ಮ ನಗರದಲ್ಲಿಯೇ ನಡೆದಿದೆ. 2006ರಲ್ಲಿ ಆರಂಭವಾದ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವು ಇಂದು ಸಾಂಪ್ರದಾಯಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿದೆ.

ಓದುಗರೇ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಆರು ದಿನ ಕಳೆದರೆ ಶಿಲುಬೆಯ ಮಹೋತ್ಸವ. ಜುಲೈಯಲ್ಲಿ ಬಿತ್ತಿದ ಕಾಮಕಸ್ತೂರಿ ಅಷ್ಟರಲ್ಲಿ ಕೈಗೆ ಬಂದಿರುತ್ತದೆ. ಮಕ್ಕಳ ಕೈಯಿಂದಲೇ ಒಂದು ಗೊಂಚಲನ್ನು ಮನೆಯಂಗಳದ ಶಿಲುಬೆಯಡಿ ಇರಿಸಿರಿ. ಪಕ್ಕದಲ್ಲಿ ಒಂದು ತುಳಸಿಯೂ ಬೆಳೆಯಲಿ. ಹಿಂದೊಮ್ಮೆ ಭಯದಿಂದ ಕಿತ್ತ ಗಿಡವನ್ನು ನಾವು ಪ್ರೀತಿಯಿಂದ ನೆಟ್ಟರೆ, ಅದು ನಮ್ಮ ಪೂರ್ವಿಕರ ನೋವಿಗೆ ಸಲ್ಲಿಸುವ ಒಂದು ಮೌನ ಪ್ರಾರ್ಥನೆಯಾದೀತು. ಮುಂದೊಂದು ದಿನ ನೆರೆಮನೆಯ ಗಿಡ ಒಣಗಿದಾಗ ಆ ತಾಯಿ ನಮ್ಮ ಬಾಗಿಲಿಗೆ ಬಂದು ನಾಲ್ಕು ಎಲೆ ಕೇಳಿದರೆ, ಕೊಡಲು ನಮ್ಮಲ್ಲಿಯೂ ಇರಲಿ.