ದೈತ್ಯ ಕಪ್ಪೆಚಿಪ್ಪು: ಬೆಳಕನ್ನು ನಂಬಿ ಬದುಕುವ ಜೀವಿಯ ಆರೈಕೆ

ಕಪ್ಪೆಚಿಪ್ಪು ಎಂದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಮರುವಾಯಿ ಸುಕ್ಕ. ಆದರೆ ಹಿಂದೂ ಮಹಾಸಾಗರ ಹಾಗೂ ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ನೆಲೆಸಿರುವ ಟ್ರಿಡಾಕ್ನಾ ಎಂಬ ಕಪ್ಪೆಚಿಪ್ಪಿನ ಕಥೆಯೇ ಬೇರೆ. ನೀಲಿ, ಹಸಿರು, ನೇರಳೆ ಬಣ್ಣಗಳಲ್ಲಿ ಹೊಳೆಯುವ ಇದಕ್ಕೆ ವಿದೇಶಗಳ ಅಕ್ವೇರಿಯಂ ಹವ್ಯಾಸಿಗಳಲ್ಲಿ ಅಪಾರ ಬೇಡಿಕೆಯಿದೆ. ದಶಕಗಳ ಕಾಲ ಬದುಕಬಲ್ಲ ಈ ಜೀವಿ ಅನೇಕರ ಮನೆಯ ತೊಟ್ಟಿಯಲ್ಲಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಬಹುತೇಕ ಸಂದರ್ಭಗಳಲ್ಲಿ ಕಾರಣ ಆಕಸ್ಮಿಕವಲ್ಲ, ತಿಳಿವಳಿಕೆಯ ಕೊರತೆ. ಭಾರತದಲ್ಲಿ ಇದನ್ನು ಕೊಳ್ಳಲು ಹೊರಡುವವರು ಕಾನೂನನ್ನೂ ಅರಿತಿರಬೇಕು.

ಬೆಳಕೇ ಆಹಾರ

ಚಿಪ್ಪಿನ ಅಂಚಿನಿಂದ ಹೊರಚಾಚುವ ಬಣ್ಣದ ಮಾಂಸಲ ಪದರಕ್ಕೆ ಮ್ಯಾಂಟಲ್ ಎಂದು ಹೆಸರು. ಅದರೊಳಗೆ ಸೂಕ್ಷ್ಮ ಪಾಚಿಕೋಶಗಳು ಅಸಂಖ್ಯವಾಗಿ ವಾಸಿಸುತ್ತವೆ. ಬೆಳಕನ್ನು ಹೀರಿ ಅವು ತಯಾರಿಸುವ ಸಕ್ಕರೆಯಲ್ಲಿ ದೊಡ್ಡ ಪಾಲು ಕಪ್ಪೆಚಿಪ್ಪಿಗೆ ಸಲ್ಲುತ್ತದೆ. ಇದಲ್ಲದೆ ನೀರಿನಲ್ಲಿರುವ ಸೂಕ್ಷ್ಮ ಸಸ್ಯಕಣಗಳನ್ನೂ ಅದು ಕಿವಿರುಗಳ ಮೂಲಕ ಸೋಸಿಕೊಂಡು ತಿನ್ನುತ್ತದೆ. ಬೆಳಕು ಸಾಲದಿದ್ದರೆ ಎಂಥ ಶುದ್ಧ ನೀರೂ ಅದನ್ನು ಉಳಿಸಲಾರದು.

ಒಂದು ಕಾಲದಲ್ಲಿ ಇದಕ್ಕೆ ಮೆಟಲ್ ಹ್ಯಾಲೈಡ್ ದೀಪಗಳೇ ಗತಿಯಾಗಿದ್ದವು. ಈಗ ಪ್ರಖರವಾದ ಎಲ್‌ಇಡಿ ದೀಪಗಳು ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಮ್ಯಾಕ್ಸಿಮಾ ಮತ್ತು ಕ್ರೋಸಿಯಾ ಪ್ರಭೇದಗಳಿಗೆ ತೀವ್ರ ಬೆಳಕು ಬೇಕು. ಇವು ಕಲ್ಲಿಗೆ ಅಂಟಿ ಬದುಕುವುದರಿಂದ ತೊಟ್ಟಿಯ ಮೇಲ್ಭಾಗದ ಕಲ್ಲುಗಳ ಮೇಲಿಡುವುದು ಸೂಕ್ತ. ಡೆರಾಸಾ ಮತ್ತು ಸ್ಕ್ವಾಮೋಸಾ ಪ್ರಭೇದಗಳು ತುಸು ಕಡಿಮೆ ಬೆಳಕಿನಲ್ಲಿಯೂ ಬದುಕಬಲ್ಲವಾದ್ದರಿಂದ ತಳದ ಮರಳಿನ ಮೇಲಿಡಬಹುದು. ಹೊಸದಾಗಿ ತಂದುದನ್ನು ಒಮ್ಮೆಲೇ ಪ್ರಖರ ಬೆಳಕಿಗೆ ಒಡ್ಡದೆ, ವಾರಗಟ್ಟಲೆ ಹಂತ ಹಂತವಾಗಿ ಒಗ್ಗಿಸಬೇಕು.

ನೀರು ಹೇಗಿರಬೇಕು?

ಹೊಸ ತೊಟ್ಟಿ ಇದಕ್ಕೆ ಯೋಗ್ಯವಲ್ಲ. ಕನಿಷ್ಠ ಆರು ತಿಂಗಳು ಸ್ಥಿರವಾಗಿ ನಡೆದ ತೊಟ್ಟಿಯೇ ಬೇಕು. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣಾಂಶ ಸಾವಿರಕ್ಕೆ 35 ಭಾಗ, ಪಿಎಚ್ 8.1ರಿಂದ 8.4 ಇರುವುದು ಒಳ್ಳೆಯದು. ಕಪ್ಪೆಚಿಪ್ಪು ತನ್ನ ಚಿಪ್ಪನ್ನು ನೀರಿನಲ್ಲಿನ ಸುಣ್ಣದ ಅಂಶದಿಂದಲೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ 8ರಿಂದ 11 ಡಿಕೆಎಚ್ ಕ್ಷಾರೀಯತೆ ಅವಶ್ಯ. ಕಪ್ಪೆಚಿಪ್ಪು ಬೆಳೆದಂತೆ ಈ ಎರಡರ ಖರ್ಚೂ ಏರುತ್ತದೆ. ವಾರಕ್ಕೊಮ್ಮೆಯಾದರೂ ಪರೀಕ್ಷಿಸಿ ಕೊರತೆಯನ್ನು ತುಂಬಬೇಕು. ಅಂಕಿಗಿಂತ ಸ್ಥಿರತೆ ಮುಖ್ಯ. ಇಂದು ಏರಿ ನಾಳೆ ಇಳಿಯುವ ನೀರು ಹೆಚ್ಚು ಅಪಾಯಕಾರಿ.

ಅತಿಯಾದ ಶುದ್ಧತೆಯೂ ಹಿತವಲ್ಲ ಎಂಬುದು ಗಮನಾರ್ಹ. ಒಳಗಿನ ಪಾಚಿಗೆ ಸಾರಜನಕ ಬೇಕಾದ್ದರಿಂದ ನೈಟ್ರೇಟ್ ಸಂಪೂರ್ಣ ಶೂನ್ಯವಾಗಬಾರದು. ಆದರೆ ತಾಮ್ರ ಮಾತ್ರ ಪ್ರಾಣಾಂತಿಕ. ಮೀನಿನ ರೋಗಕ್ಕೆ ಬಳಸುವ ತಾಮ್ರಯುಕ್ತ ಔಷಧವನ್ನು ಈ ತೊಟ್ಟಿಗೆ ಎಂದಿಗೂ ಹಾಕಕೂಡದು.

ಅಪಾಯದ ಸೂಚನೆಗಳು

ಆರೋಗ್ಯವಂತ ಕಪ್ಪೆಚಿಪ್ಪು ಮ್ಯಾಂಟಲನ್ನು ಅಂಚಿನಾಚೆಗೆ ಪೂರ್ಣವಾಗಿ ಹರಡಿರುತ್ತದೆ. ಮೇಲೆ ಕೈಯ ನೆರಳು ಹಾಯ್ದರೆ ಥಟ್ಟನೆ ಮುಚ್ಚಿಕೊಳ್ಳುತ್ತದೆ. ನೆರಳಿಗೆ ಪ್ರತಿಕ್ರಿಯಿಸದಿದ್ದರೆ, ಮ್ಯಾಂಟಲ್ ಒಳಸರಿದಿದ್ದರೆ ಅಥವಾ ನೀರೆಳೆಯುವ ರಂಧ್ರ ಸದಾ ಅಗಲವಾಗಿ ತೆರೆದೇ ಇದ್ದರೆ ಎಚ್ಚರ ವಹಿಸಬೇಕು. ಚಿಪ್ಪಿನ ಅಂಚಿನಲ್ಲಿ ಹೊಸ ಬಿಳಿ ಪದರ ಮೂಡುತ್ತಿದ್ದರೆ ಅದು ಬೆಳವಣಿಗೆಯ ಲಕ್ಷಣ.

ಅಕ್ಕಿಕಾಳಿನಷ್ಟು ಚಿಕ್ಕದಾದ ಬಿಳಿ ಬಸವನಹುಳುಗಳು ಇದರ ಪ್ರಮುಖ ಶತ್ರು. ಹಗಲಿನಲ್ಲಿ ಬುಡದಲ್ಲಿ ಅಡಗಿದ್ದು, ರಾತ್ರಿ ಮೇಲೇರಿ ರಸ ಹೀರುತ್ತವೆ. ಹೊಸದನ್ನು ತಂದಾಗ ಚಿಪ್ಪನ್ನು ಮೃದುವಾದ ಬ್ರಷ್‌ನಿಂದ ಉಜ್ಜಿ, ಕೆಲವು ವಾರ ಪ್ರತ್ಯೇಕವಾಗಿಡುವುದು ಕ್ಷೇಮ. ಮ್ಯಾಂಟಲ್ ಹಿಂಡಿದಂತೆ ಮುದುಡುವ ರೋಗಕ್ಕೆ ಅನುಭವಿಗಳು ಉಷ್ಣತೆ ಹಾಗೂ ಪಿಎಚ್ ಹೊಂದಿಸಿದ ಶುದ್ಧ ಸಿಹಿನೀರಿನಲ್ಲಿ 20ರಿಂದ 30 ನಿಮಿಷ ಅದ್ದಿಡುವ ಕ್ರಮ ಅನುಸರಿಸುತ್ತಾರೆ. ಏಂಜಲ್ ಹಾಗೂ ಬಟರ್‌ಫ್ಲೈ ಮೀನುಗಳು ಮ್ಯಾಂಟಲನ್ನು ಕಚ್ಚುವುದರಿಂದ ಅವುಗಳ ಸಹವಾಸ ತರವಲ್ಲ. ಕಲ್ಲಿಗೆ ಅಂಟಿದ ಕಪ್ಪೆಚಿಪ್ಪನ್ನು ಬಲವಂತವಾಗಿ ಕಿತ್ತರೆ ಬುಡದ ಅಂಟುನಾರಿನ ಗ್ರಂಥಿ ಹರಿದು ಸಾವು ಸಂಭವಿಸಬಹುದು.

ಕಾನೂನು ಏನು ಹೇಳುತ್ತದೆ?

ಮ್ಯಾಕ್ಸಿಮಾ ಮತ್ತು ಸ್ಕ್ವಾಮೋಸಾ ನಮ್ಮ ಲಕ್ಷದ್ವೀಪ, ಅಂಡಮಾನ್ ಸಮುದ್ರಗಳಲ್ಲಿಯೂ ಇವೆ. ಇವೆರಡನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿರುವ ಪಟ್ಟಿಯೇ ಅದು. ಇವನ್ನು ಸಮುದ್ರದಿಂದ ಹಿಡಿದು ತರುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಚಿಪ್ಪನ್ನು ಅಲಂಕಾರಕ್ಕೆಂದು ಕೊಳ್ಳುವವರೂ ಇದನ್ನು ಮರೆಯಬಾರದು. ಅಂತಾರಾಷ್ಟ್ರೀಯ ವ್ಯಾಪಾರವೂ 1980ರ ದಶಕದಿಂದ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ.

ಮಾಂಸಕ್ಕೂ ಚಿಪ್ಪಿಗೂ ನಡೆದ ಮಿತಿಮೀರಿದ ಬೇಟೆಯಿಂದ ಅನೇಕ ದ್ವೀಪಗಳ ಸುತ್ತ ಇವು ಬರಿದಾಗಿವೆ. ಇದಕ್ಕೆ ಪರ್ಯಾಯವಾಗಿ ಪೆಸಿಫಿಕ್‌ನ ಪಲಾವ್ ದ್ವೀಪರಾಷ್ಟ್ರದಲ್ಲಿ 1980ರ ದಶಕದಲ್ಲಿ ದೊಡ್ಡ ಪ್ರಮಾಣದ ಮರಿ ಉತ್ಪಾದನೆ ಯಶಸ್ವಿಯಾಯಿತು. ಇಂದು ಅನುಮತಿಯಿರುವ ದೇಶಗಳಲ್ಲಿ ಹವ್ಯಾಸಿಗಳಿಗೆ ಇಂಥ ಸಾಕಣೆ ಕೇಂದ್ರಗಳ ಮರಿಗಳು ದೊರೆಯುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಕೊಳ್ಳುವ ಮುನ್ನ ಅಂಗಡಿಯವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಮೂಲದ್ದು: ಇದು ಕೇಂದ್ರದಲ್ಲಿ ಬೆಳೆದದ್ದೋ, ಸಮುದ್ರದಿಂದ ಕಿತ್ತು ತಂದದ್ದೋ? ದಾಖಲೆ ತೋರಿಸಲಾಗದಿದ್ದರೆ ಬರಿಗೈಯಲ್ಲಿ ಹಿಂದಿರುಗುವುದೇ ಲೇಸು.